ನೀರೆತ್ತುವ ಎಂಜಿನ್ನಿನ ಆರೈಕೆಯೂ ಹೊಳೆಯಲ್ಲಿ ಮುಳುಗಿದ ಎಂಜಿನ್ನಿನ ದುರಸ್ತಿಯೂ

ರಾಯಚೂರು ಜಿಲ್ಹೆಯ ಬಹುಭಾಗವು ಕೃಷ್ಣಾ ಮತ್ತು ತುಂಗಭದ್ರಾ ಎಂಬ ಎರಡು ಮಹಾನದಿಗಳ ನಡುವೆ ಸಿಕ್ಕಿಕೊಂಡ ನೆಲವಾಗಿದೆ. ಬಡಗಲಿಗೆ ದೇವದುರ್ಗ ತಾಲೂಕಿನ ಎಷ್ಟೋ ಹಳ್ಳಿಗಳು ಕೃಷ್ಣೆಯ ದಂಡೆಗೆ ಒತ್ತಿಕೊಂಡಿವೆ; ತೆಂಕಲಿಗೆ ಮಾನ್ವಿ ತಾಲೂಕಿನ ಎಲ್ಲೆಯು ತುಂಗಭದ್ರೆಯನ್ನು ಮುಟ್ಟುವುದು. ತುಂಗಭದ್ರಾ ಎಡದಂಡೆ ಕಾಲುವೆಯು ಮಾನ್ವಿಯ ಮಾರ್ಗವಾಗಿ ರಾಯಚೂರಿನ ಕಡೆಗೆ ಹರಿದು ಬಂದಿದೆ. ನಾರಾಯಣಪುರದ ಬಲದಂಡೆ ಕಾಲುವೆಯು ದೇವದುರ್ಗಕ್ಕೆ ನೀರು ತಂದಿದೆ. ಆದಾಗ್ಯೂ ಕಾಲುವೆಯ ಕೊನೆಯಂಚಿನ ಹೊಲಗಳಿಗೆ ನೀರು ಬೇಕಾದ ಹೊತ್ತಿಗೆ ತಲುಪುವುದಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿಯೇ. ಆದಕಾರಣ ಹೊಳೆಯ ದಂಡೆಯಲ್ಲಿಯೂ ಹಳ್ಳದ ಮಡುವಿನಲ್ಲಿಯೂ ಡೀಸೆಲ್ ಎಂಜಿನು ಹೂಡಿ ನೀರೆತ್ತುವ ರೈತರು ಈ ಭಾಗದಲ್ಲಿ ಬಹಳ.

ನೆಲ್ಲು ಹೊಡೆ ಬಿಚ್ಚುವ ವಾರದಲ್ಲಿ ಎಂಜಿನು ನಿಂತರೆ ಮಿಸ್ತ್ರಿಯು ರಾಯಚೂರಿನಿಂದ ಬರುವ ತನಕ ಬೆಳೆಯು ಕಾಯುವುದಿಲ್ಲ. ನಾಲ್ಕಾರು ದಿನ ನೀರು ತಪ್ಪಿತೆಂದರೆ ಕಾಳು ಜೊಳ್ಳಾಗುವುದು. ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲಕ್ಕೂ ಮಾಡಿದ ಸಾಲವು ಮಾತ್ರ ಹಾಗೆಯೇ ಉಳಿಯುವುದು. ಆದರೆ ಹೀಗೆ ನಿಂತ ಎಂಜಿನುಗಳಲ್ಲಿ ಹೆಚ್ಚಿನವು ಮುರಿದು ನಿಂತವುಗಳಲ್ಲ. ಎಣ್ಣೆಯಲ್ಲಿ ನೀರು, ಕೊಳವೆಯಲ್ಲಿ ಗಾಳಿ, ಸೋಸಕದಲ್ಲಿ ಕೊಳೆ, ಇವೇ ಕಾರಣಗಳು. ಒಂದು ಜೊತೆ ಪಾನಾ, ಒಂದು ತಿರುಪುಳಿ, ಒಂದಿಷ್ಟು ಶುಭ್ರವಾದ ಅರಿವೆ, ಇಷ್ಟಿದ್ದರೆ ರೈತನು ತಾನೇ ಸರಿಪಡಿಸಬಹುದಾದಂಥವು.

ಎಂಜಿನ್ನಿನ ಒಳಗೆ ನಡೆಯುವುದೇನು

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಸಾಧನವಿಲ್ಲ. ಪಿಸ್ಟನ್ನು ಗಾಳಿಯನ್ನು ಬಲವಾಗಿ ಒತ್ತುವುದರಿಂದ ಆ ಗಾಳಿಯೇ ಕಾಯ್ದು ಕೆಂಡದಂತಾಗುವುದು. ಆ ಕ್ಷಣದಲ್ಲಿ ನಾಝಲಿನಿಂದ ಮಂಜಿನಂತೆ ಸಿಡಿದ ಎಣ್ಣೆಯು ತಾನಾಗಿ ಹೊತ್ತಿಕೊಳ್ಳುವುದು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಯಂತ್ರಶಾಸ್ತ್ರಜ್ಞನು 1897ರಲ್ಲಿ ಈ ಬಗೆಯ ಎಂಜಿನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದನು. ನಮ್ಮ ನಾಡಿನಲ್ಲಿ ಇಂಥ ಎಂಜಿನುಗಳನ್ನು ಮನೆಮಾತಾಗಿಸಿದ ಕಿರ್ಲೋಸ್ಕರ ಆಯಿಲ್ ಎಂಜಿನ್ಸ್ ಕಾರಖಾನೆಯು 1946ರಲ್ಲಿ ಪುಣೆಯಲ್ಲಿ ಸ್ಥಾಪಿತವಾಯಿತು. ಆ ಮನೆತನದ ಉದ್ಯಮಕ್ಕೆ ಕಬ್ಬಿಣದ ನೇಗಿಲಿನಿಂದ ಬುನಾದಿ ಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿ ಜಿಲ್ಹೆಯ ಗುರ್ಲಹೊಸೂರಿನವರು. ಇರಲಿ. ರೈತನು ನೆನಪಿನಲ್ಲಿಡತಕ್ಕದ್ದು ಇಷ್ಟೇ: ಚೊಕ್ಕ ಗಾಳಿ, ಚೊಕ್ಕ ಡೀಸೆಲು, ಬಿಗಿಯಾದ ಒತ್ತಡ. ಈ ಮೂರರಲ್ಲಿ ಒಂದು ತಪ್ಪಿದರೂ ಎಂಜಿನು ಹೊತ್ತದು.

ಡೀಸೆಲಿನ ವಿಷಯ

ಪೀಪಾಯಿಯಿಂದ ಎಂಜಿನ್ನಿನ ಟಾಕಿಗೆ ಡೀಸೆಲನ್ನು ನೇರವಾಗಿ ಬಗ್ಗಿಸುವುದು ಸರಿಯಲ್ಲ. ಪೀಪಾಯಿಯನ್ನು ಒಂದು ದಿನ ಅಲುಗಾಡಿಸದೆ ಇಟ್ಟರೆ ನೀರೂ ಕೆಸರೂ ತಳಕ್ಕಿಳಿಯುತ್ತವೆ. ಮೇಲಿನದನ್ನು ಕೊಳವೆಯಿಂದ ಇಳಿಸಿಕೊಂಡು, ತಳದ ನಾಲ್ಕು ಬೆರಳಿನಷ್ಟನ್ನು ಬಿಡಬೇಕು. ಸಂಜೆ ಕೆಲಸ ಮುಗಿದೊಡನೆ ಟಾಕಿಯನ್ನು ತುಂಬಿಸಿಡುವುದು ಒಳ್ಳೆಯ ರೂಢಿ. ಅರೆಬರಿದಾದ ಟಾಕಿಯೊಳಗಿನ ಗಾಳಿಯು ರಾತ್ರಿಯ ತಂಪಿಗೆ ಬೆವರಿ, ಆ ಹನಿಗಳು ಡೀಸೆಲಿನಲ್ಲಿ ಸೇರುತ್ತವೆ.

ಸೋರಿಕೆಯನ್ನು ಅನೇಕರು ಲೆಕ್ಕಿಸುವುದಿಲ್ಲ. ಕ್ಷಣಕ್ಕೊಂದು ಹನಿ ತೊಟ್ಟಿಕ್ಕಿದರೆ ತಾಸಿಗೆ 3600 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರೆಂದು ಹಿಡಿದರೆ 180 ಮಿಲಿಲೀಟರು. ಹತ್ತು ತಾಸು ಓಡುವ ಎಂಜಿನ್ನಿನಲ್ಲಿ ದಿನಕ್ಕೆ 1.8 ಲೀಟರು ನೆಲದ ಪಾಲಾಯಿತು. 5 ಅಶ್ವಶಕ್ತಿಯ ಎಂಜಿನು ಪೂರ್ಣ ಹೊರೆಯಲ್ಲಿ ತಾಸಿಗೆ ಸುಮಾರು 1 ಲೀಟರು ಉಣ್ಣುವುದೆಂಬುದನ್ನು ನೆನೆದರೆ, ಒಂದು ಸಡಿಲವಾದ ನಟ್ಟಿನ ಬೆಲೆಯು ತಿಳಿಯುವುದು.

ಟಾಕಿಯು ಒಮ್ಮೆ ಬರಿದಾದರೆ ಕೊಳವೆಯಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಆಗ ಮತ್ತೆ ಡೀಸೆಲು ಹಾಕಿ ಹ್ಯಾಂಡಲು ತಿರುವಿ ತಿರುವಿ ತೋಳು ಸೋತರೂ ಎಂಜಿನು ಏಳದು. ಮೊದಲು ಟಾಕಿಯ ನಲ್ಲಿಯನ್ನು ತೆರೆದು ಸೋಸಕದ ಮೇಲಿನ ಗಾಳಿಯ ತಿರುಪನ್ನು ಸಡಿಲಿಸಬೇಕು. ನೊರೆಯು ನಿಂತು ಡೀಸೆಲು ಒಂದೇ ಎಳೆಯಾಗಿ ಬರುವ ತನಕ ಕಾದು ಬಿಗಿಯತಕ್ಕದ್ದು. ಅನಂತರ ಎಣ್ಣೆಯ ಪಂಪಿನ ತಿರುಪನ್ನೂ ಹೀಗೆಯೇ ಮಾಡುವುದು. ಕಡೆಗೆ ನಾಝಲಿಗೆ ಹೋಗುವ ಉಕ್ಕಿನ ಕೊಳವೆಯ ನಟ್ಟನ್ನು ಸಡಿಲಿಸಿ, ಒತ್ತಡ ಬಿಡಿಸುವ ಸನ್ನೆಯನ್ನು ಎತ್ತಿ, ಹ್ಯಾಂಡಲು ತಿರುವಬೇಕು. ಡೀಸೆಲು ಚಿಮ್ಮಿದೊಡನೆ ನಟ್ಟನ್ನು ಬಿಗಿಯುವುದು. ಈ ಅನುಕ್ರಮವನ್ನು ತಪ್ಪಿಸಿ ಕೊನೆಯದನ್ನೇ ಮೊದಲು ಮಾಡಿದರೆ ಗಾಳಿಯು ಹಿಂದಿನಿಂದ ಪುನಃ ಬರುತ್ತದೆ. ಹೊರತೆಗೆದ ನಾಝಲಿನ ಬಾಯಿಗೆ ಮಾತ್ರ ಎಂದಿಗೂ ಕೈಯೊಡ್ಡಕೂಡದು. ಅಲ್ಲಿಂದ ಸಿಡಿಯುವ ಎಣ್ಣೆಯು ಚರ್ಮವನ್ನು ತೂರಿ ಒಳಹೊಗುವುದು. ಗಾಯವು ಸೂಜಿಯ ಮೊನೆಯಷ್ಟೇ ಕಂಡರೂ ಬೆರಳನ್ನೇ ಕಳೆದುಕೊಳ್ಳುವ ಸಂಭವವುಂಟಾದ್ದರಿಂದ ಅದೇ ಗಳಿಗೆಯಲ್ಲಿ ದವಾಖಾನೆಗೆ ಹೋಗತಕ್ಕದ್ದು.

ಆಯಿಲು, ಗಾಳಿ, ಹೊಗೆ

ಎಂಜಿನ್ನಿನ ಆಯಿಲನ್ನು ಪ್ರತಿದಿನ ಹೊರಡಿಸುವ ಮುನ್ನ ಕಡ್ಡಿಯಿಂದ ಅಳೆಯಬೇಕು. ಎಷ್ಟು ತಾಸಿಗೊಮ್ಮೆ ಬದಲಿಸಬೇಕೆಂಬುದು ಎಂಜಿನ್ನಿನ ಜೊತೆಗೆ ಬಂದ ಪುಸ್ತಕದಲ್ಲಿರುವುದು. ಪುಸ್ತಕವನ್ನು ಕಳೆದುಕೊಂಡವರು 100 ತಾಸಿಗೊಮ್ಮೆ ಬದಲಿಸಿದರೆ ಕೇಡಿಲ್ಲ. ಓಡಿದ ತಾಸುಗಳನ್ನು ಪಂಪಿನ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಹಾಕಿಟ್ಟರೂ ಸಾಕು. ನೆನಪನ್ನು ಮಾತ್ರ ನೆಚ್ಚಲಾಗದು. ಎಂಜಿನು ಬೆಚ್ಚಗಿರುವಾಗಲೇ ಹಳೆಯ ಆಯಿಲನ್ನು ಇಳಿಸಿದರೆ ಕೊಳೆಯೂ ಅದರ ಜೊತೆಗೆ ಇಳಿಯುವುದು.

ಎರೆಯ ಸೀಮೆಯಲ್ಲಿ ಬೇಸಗೆಯ ಧೂಳು ಹಿಟ್ಟಿನಷ್ಟು ನುಣುಪು. ಗಾಳಿಯ ಸೋಸಕವನ್ನು ಕಿತ್ತುಹಾಕಿ ಎಂಜಿನು ಓಡಿಸುವ ಕೆಟ್ಟ ರೂಢಿಯು ಕೆಲವೆಡೆ ಕಾಣುತ್ತದೆ; ಹೊಗೆ ಕಡಿಮೆಯಾಯಿತೆಂದು ಅವರು ಹಿಗ್ಗುವರು. ಅದೇ ಧೂಳು ಪಿಸ್ಟನ್ನಿನ ರಿಂಗುಗಳನ್ನು ಸಾಣೆಯ ಕಲ್ಲಿನಂತೆ ಅರೆದುಬಿಡುವುದು.

ಹೊಗೆಯು ಎಂಜಿನ್ನಿನ ನಾಡಿಯೆನ್ನಬಹುದು. ಕಪ್ಪು ಹೊಗೆಯು ಹೊರೆ ಮಿತಿಮೀರಿದ್ದನ್ನಾಗಲಿ, ಗಾಳಿ ಸಾಲದ್ದನ್ನಾಗಲಿ, ನಾಝಲು ತೊಟ್ಟಿಕ್ಕುವುದನ್ನಾಗಲಿ ತಿಳಿಸುವುದು. ನೀಲಿ ಹೊಗೆಯೆಂದರೆ ಆಯಿಲು ಉರಿಯುತ್ತಿದೆ. ರಿಂಗು ಸವೆದಿರಬಹುದು, ಇಲ್ಲವೆ ಆಯಿಲು ಹೆಚ್ಚಾಗಿ ಹೊಯ್ದಿರಬಹುದು. ಎಂಜಿನು ಕಾಯ್ದ ಮೇಲೆಯೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲು ಸರಿಯಾಗಿ ಹೊತ್ತುತ್ತಿಲ್ಲ ಅಥವಾ ಸಿಲಿಂಡರಿನೊಳಗೆ ನೀರು ಸೇರುತ್ತಿದೆ. ರಿಂಗು, ವಾಲ್ವು, ನಾಝಲಿನ ಒತ್ತಡ, ಇವು ಮಿಸ್ತ್ರಿಯ ಕೆಲಸ. ಅವನ್ನು ಬಿಚ್ಚುವ ಹವ್ಯಾಸವು ರೈತನಿಗೆ ಬೇಡ.

ತಂಪು ಮಾಡುವ ನೀರಿನ ಬಗೆಗೆ ಎರಡು ಮಾತು. ಮಳೆಗಾಲದ ಹೊಳೆಯ ನೀರಿನಲ್ಲಿ ರೇವೆಯು ಬೆರೆತಿರುವುದರಿಂದ ಅದನ್ನು ಒಂದು ತೊಟ್ಟಿಯಲ್ಲಿ ತಿಳಿಯಾಗಿಸಿ ಎಂಜಿನ್ನಿಗೆ ಬಿಡಬೇಕು. ನೀರು ಬಿಡಲು ಮರೆತು ಎಂಜಿನು ವಿಪರೀತ ಕಾಯ್ದಿದ್ದರೆ ಗಾಬರಿಯಿಂದ ಅದರ ಮೇಲೆ ತಣ್ಣೀರು ಸುರಿಯಕೂಡದು. ಬೀಡುಕಬ್ಬಿಣದ ತಲೆಯು ಸೀಳುವುದು. ನಿಲ್ಲಿಸಿ, ತಾನಾಗಿ ಆರಲು ಬಿಡತಕ್ಕದ್ದು.

ಹೊಳೆಯಿಳಿದಾಗಿನ ಮೋಸ

ಬೇಸಗೆಯಲ್ಲಿ ನೀರು ದೂರ ಸರಿದಾಗ “ಪಂಪು ಎಳೆಯುತ್ತಿಲ್ಲ” ಎಂಬ ದೂರು ಬರುವುದು. ಪಂಪು ನೀರನ್ನು ಎಳೆಯುವುದೇ ಇಲ್ಲ. ಹೊರಗಿನ ಗಾಳಿಯ ಭಾರವೇ ನೀರನ್ನು ಕೊಳವೆಯೊಳಗೆ ಮೇಲಕ್ಕೆ ನೂಕುವುದು. ಆ ಭಾರವು ಲೆಕ್ಕಕ್ಕೆ ಸುಮಾರು 10 ಮೀಟರು ಎತ್ತಬಲ್ಲುದಾದರೂ, ರೂಢಿಯಲ್ಲಿ 6 ಮೀಟರಿಗಿಂತ ಹೆಚ್ಚನ್ನು ನೆಚ್ಚಲಾಗದು. ಇದಕ್ಕೆ ದೊಡ್ಡ ಎಂಜಿನು ಕೊಳ್ಳುವುದು ಉಪಾಯವಲ್ಲ. ಪಂಪನ್ನೇ ನೀರಿನ ಸಮೀಪಕ್ಕೆ ಇಳಿಸಬೇಕು.

ಹೀಗೆ ಇಳಿಸುವಾಗಲೇ ಪ್ರಾಣಾಪಾಯ ಒದಗುವುದುಂಟು. ಬಾವಿಯೊಳಗೋ ಆಳವಾದ ಗುಂಡಿಯೊಳಗೋ ಎಂಜಿನು ಇಟ್ಟು ಓಡಿಸಿದರೆ ಅದರ ವಿಷವಾಯು ಅಲ್ಲಿಯೇ ತುಂಬಿಕೊಳ್ಳುವುದು. ಅದರಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಳಗಿಳಿದವನು ಕುಸಿದನೆಂದು ಅವನನ್ನೆತ್ತಲು ಅಣ್ಣನೋ ಮಗನೋ ಇಳಿದು ಇಬ್ಬರೂ ಮಡಿಯುವ ದುರಂತಗಳು ಹೀಗೆಯೇ ಆಗುವವು. ಎಂಜಿನು ಯಾವಾಗಲೂ ಬಯಲಿನಲ್ಲಿರತಕ್ಕದ್ದು. ಆಳದಿಂದ ಎತ್ತಬೇಕಾದಲ್ಲಿ ನೀರಿನೊಳಗೆ ಮುಳುಗಿರುವ ವಿದ್ಯುತ್ ಪಂಪು ಸರಿಯಾದುದು. ಹಾಗೆಯೇ ಧೋತರದ ಚುಂಗು, ಸೀರೆಯ ಸೆರಗು, ಹೆಗಲ ಮೇಲಿನ ಟವೆಲು ಇವುಗಳನ್ನು ಪಟ್ಟೆಯ ಹತ್ತಿರ ಸುಳಿಯಗೊಡಬಾರದು. ಹ್ಯಾಂಡಲನ್ನು ಹಿಡಿಯುವಾಗ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಮಗ್ಗುಲಲ್ಲಿಯೇ ಇರಲಿ. ಹ್ಯಾಂಡಲು ಹಿಂದಕ್ಕೆ ಒದೆದರೆ ಕೈ ತಾನಾಗಿ ಬಿಡಿಸಿಕೊಳ್ಳುವುದು.

ಹೊಳೆ ಬಂದು ಎಂಜಿನು ಮುಳುಗಿದರೆ

2009ರ ಸೆಪ್ಟೆಂಬರ್ ಕಡೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಬಂದ ಮಹಾಪೂರವನ್ನು ಎರಡೂ ನದಿಗಳ ದಂಡೆಯವರು ಮರೆತಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆಯು ಉಕ್ಕಿ ದೇವದುರ್ಗ ತಾಲೂಕಿನ ಹೂವಿನಹೆಡಗಿ ಸೇತುವೆಯೇ ಮುಳುಗಿತ್ತು. ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಡುವ ಸುದ್ದಿ ಬಂದೊಡನೆ ಎಂಜಿನನ್ನು ಮೇಲಕ್ಕೆ ಸಾಗಿಸುವುದೇ ಉತ್ತಮ. ನಾಲ್ಕಾಳಿಗೂ ಜಗ್ಗದ ಭಾರವಾದುದರಿಂದ ಗಾಲಿಯ ಚೌಕಟ್ಟಿನ ಮೇಲೆ ಕೂರಿಸಿದವನು ಆ ದಿನ ಜಾಣನೆನಿಸುವನು. ಕತ್ತಲಲ್ಲಿ ನೀರು ಏರಿದ ಮೇಲೆ ಎಂಜಿನ್ನಿನ ಆಸೆಗೆ ಹೊಳೆಗೆ ಇಳಿಯಕೂಡದು. ಮುಳುಗಿದ ಎಂಜಿನು ದುರಸ್ತಿಯಾಗುವುದು.

ನೀರಿಳಿದ ಮೇಲೆ ಎಂಜಿನನ್ನು ಎರಡು ದಿನ ಬಿಸಿಲಿಗೆ ಒಣಗಹಾಕಿ ಆಮೇಲೆ ಹ್ಯಾಂಡಲು ಹೊಡೆಯುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಇದರಲ್ಲಿ ಎರಡು ಕೇಡುಗಳಿವೆ. ನೀರೂ ಗಾಳಿಯೂ ಕೂಡಿದಲ್ಲಿ ತುಕ್ಕು ಹತ್ತುವುದಾದ್ದರಿಂದ ನೀರಿನಿಂದ ಹೊರಬಂದ ಎಂಜಿನ್ನಿಗೆ ಪ್ರತಿಯೊಂದು ತಾಸೂ ಹಾನಿಕರ. ಎರಡನೆಯದಾಗಿ, ನೀರು ಗಾಳಿಯಂತೆ ಒತ್ತಿದರೆ ಕುಗ್ಗುವ ವಸ್ತುವಲ್ಲ. ಸಿಲಿಂಡರಿನಲ್ಲಿ ನೀರಿರುವಾಗ ಬಲವಂತವಾಗಿ ತಿರುವಿದರೆ ಪಿಸ್ಟನ್ನಿನ ದಂಡವು ಬಾಗಿ ಎಂಜಿನು ಶಾಶ್ವತವಾಗಿ ಕೆಡುವುದು.

ಆದುದರಿಂದ ಅದೇ ದಿನ, ಮೊದಲು ಹೊರಗಿನ ಕೆಸರನ್ನು ತಿಳಿನೀರಿನಿಂದ ತೊಳೆದು ನಾಝಲನ್ನು ಬಿಚ್ಚಿ ತೆಗೆಯುವುದು. ಕೆಳಗಿನ ಆಯಿಲ್ ತೊಟ್ಟಿಯ ತಿರುಪನ್ನು ತೆರೆದರೆ, ಆಯಿಲಿಗಿಂತ ಭಾರವಾದ ನೀರು ಮೊದಲು ಹರಿದು ಆಮೇಲೆ ಆಯಿಲು ಬರುವುದು, ಎಲ್ಲವನ್ನೂ ಇಳಿಸಬೇಕು. ಗಾಳಿಯ ಸೋಸಕ, ಹೊಗೆಯ ಕೊಳವೆ ಇವುಗಳನ್ನು ಬಿಚ್ಚಿ ಬರಿದುಮಾಡಿ, ಬಳಿಕ ಗಾಲಿಯನ್ನು ಕೈಯಿಂದ ಮೆಲ್ಲನೆ ತಿರುಗಿಸಿದರೆ ಸಿಲಿಂಡರಿನ ನೀರು ನಾಝಲಿನ ರಂಧ್ರದಿಂದ ಹೊರಬೀಳುವುದು. ಆಗ ಮೋರೆಯನ್ನು ದೂರವಿಡುವುದು. ತಿರುಗಿಸುವಾಗ ಕರಕರನೆ ಮರಳು ಅರೆದಂತಾದರೆ ಅಲ್ಲಿಗೇ ನಿಲ್ಲಿಸತಕ್ಕದ್ದು. ರೇವೆಯು ಒಳಹೊಕ್ಕಿದೆಯೆಂದು ಅರ್ಥ, ಮಿಸ್ತ್ರಿಯು ತಲೆಯನ್ನು ಬಿಚ್ಚಿ ತೊಳೆಯದೆ ಗತಿಯಿಲ್ಲ. ಅಂಥಲ್ಲಿ ಹಣ ಉಳಿಸಹೋದವನು ಸಿಲಿಂಡರನ್ನೇ ಹೊಸದಾಗಿ ಕೊಳ್ಳಬೇಕಾದೀತು.

ಸದ್ದಿಲ್ಲದೆ ತಿರುಗಿದರೆ ಒಂದೆರಡು ಚಮಚೆ ಆಯಿಲನ್ನು ಅದೇ ರಂಧ್ರದಿಂದ ಬಿಟ್ಟು ಹತ್ತಾರು ಸುತ್ತು ತಿರುಗಿಸುವುದು. ತೊಟ್ಟಿಯನ್ನು ಡೀಸೆಲಿನಿಂದ ತೊಳೆದು ಬಸಿದು ಹೊಸ ಆಯಿಲು ತುಂಬಬೇಕು. ಡೀಸೆಲಿನ ಟಾಕಿಯನ್ನು ಬರಿದುಮಾಡಿ, ಸೋಸಕವನ್ನು ಬದಲಿಸಿ, ಹಿಂದೆ ಹೇಳಿದಂತೆ ಗಾಳಿಯನ್ನು ಬಿಡಿಸತಕ್ಕದ್ದು. ಎಂಜಿನು ಎದ್ದ ಮೇಲೆ ಪಂಪಿನ ಪಟ್ಟೆಯನ್ನು ಹಾಕದೆ ಕಾಲು ತಾಸು ಬರಿದೆ ಓಡಿಸಿ ನಿಲ್ಲಿಸಿ ಕಡ್ಡಿಯನ್ನು ನೋಡುವುದು. ಆಯಿಲು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರಿನ್ನೂ ಉಳಿದಿದೆ, ಮತ್ತೊಮ್ಮೆ ಬದಲಿಸಬೇಕು. ಎರಡು ಸಲದ ಆಯಿಲಿನ ಖರ್ಚು ಹೆಚ್ಚೆನಿಸಿದರೂ ಬೇರಿಂಗಿನ ಬೆಲೆಯ ಮುಂದೆ ಅದು ಅಲ್ಪ. ಓಡುತ್ತಿದ್ದಾಗಲೇ ಮುಳುಗಿದ ಎಂಜಿನನ್ನು ಮಾತ್ರ ಮಿಸ್ತ್ರಿಗೆ ತೋರಿಸದೆ ಹೊರಡಿಸಲೇಬಾರದು.

ದೋಣಿಯ ಎಂಜಿನು

ಕೃಷ್ಣೆಯ ನಡುಗಡ್ಡೆಗಳಾದ ಕುರ್ವಕುಲಾ ಮೊದಲಾದ ಊರುಗಳವರು ಹರಿಗೋಲಿನಲ್ಲಿಯೇ ಹೊಳೆ ದಾಟುತ್ತ ಬಂದವರು. ಹುಟ್ಟು ಹಾಕುವ ತೋಳಿಗೆ ಸೋಸಕವೂ ನಾಝಲೂ ಬೇಡ. ಆದರೆ ಪೂರದ ಕಾಲದಲ್ಲಿ ಜನರನ್ನು ದಾಟಿಸಲು ಬರುವ ದೋಣಿಗಳ ಹಿಂಬದಿಗೆ ಪೆಟ್ರೋಲ್ ಮೋಟಾರು ಕಟ್ಟಿರುತ್ತದೆ. ಅಂಥದನ್ನು ಇಟ್ಟುಕೊಂಡವರು ತಿಳಿದಿರಬೇಕಾದುದು ಸ್ವಲ್ಪವೇ. ಎರಡು ಹೊಡೆತದ ಮೋಟಾರಿಗೆ ಪೆಟ್ರೋಲಿನಲ್ಲಿಯೇ ಆಯಿಲು ಬೆರೆಸಬೇಕು. ಪ್ರಮಾಣವನ್ನು ಪುಸ್ತಕದಲ್ಲಿ ನೋಡಿಕೊಳ್ಳುವುದು, ಬರಿಯ ಪೆಟ್ರೋಲು ಹಾಕಿದರೆ ಪಿಸ್ಟನ್ನು ಕಚ್ಚಿಕೊಳ್ಳುವುದು. ಮೋಟಾರು ಓಡುವಾಗ ಅದರ ಮಗ್ಗುಲಿನಿಂದ ಸಣ್ಣ ನೀರಿನ ಧಾರೆಯೊಂದು ಚಿಮ್ಮುತ್ತಿರಬೇಕು. ಅದು ನಿಂತಿತೆಂದರೆ ಕಸವೋ ರೇವೆಯೋ ಕಟ್ಟಿದೆಯೆಂದು ತಿಳಿದು ಕೂಡಲೆ ದಂಡೆಗೆ ಹತ್ತಿಸಿ ಆರಿಸತಕ್ಕದ್ದು. ಮೋಟಾರು ಅಬ್ಬರಿಸಿದರೂ ದೋಣಿ ಮುಂದೆ ಸಾಗದಿದ್ದರೆ, ಕೆಲವು ಮೋಟಾರುಗಳಲ್ಲಿ ರೆಕ್ಕೆಯನ್ನು ಹಿಡಿದಿರುವ ಸಣ್ಣ ಮೊಳೆಯು ಕಲ್ಲಿಗೆ ತಾಕಿ ತುಂಡಾಗಿರುವುದು. ಯಂತ್ರವನ್ನು ಉಳಿಸಲೆಂದೇ ಅದನ್ನು ಮುರಿಯುವಂತೆ ಮಾಡಿದ್ದಾರೆ. ಅದರ ಬದಲಿಗೆ ಉಕ್ಕಿನ ಮೊಳೆ ಬಡಿಯಬಾರದು. ಬದಲಿ ಮೊಳೆಗಳೆರಡು, ಹುಟ್ಟು ಒಂದು ಜೊತೆ, ಲಂಗರು, ಏರಿದವರೆಲ್ಲರಿಗೂ ತೇಲುವ ಅಂಗಿ, ಇವಿಲ್ಲದೆ ದೋಣಿಯು ದಂಡೆಯನ್ನು ಬಿಡಲಾಗದು.

ಹಂಗಾಮು ಮುಗಿದು ಎಂಜಿನನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ತಂಪು ಮಾಡುವ ನೀರನ್ನೂ ಪಂಪಿನೊಳಗಿನ ನೀರನ್ನೂ ಪೂರ್ತಿ ಬಸಿದು, ಹೊಸ ಆಯಿಲು ತುಂಬಿ, ಹೊಗೆಯ ಕೊಳವೆಯ ಬಾಯಿಗೆ ಇಲಿಯೂ ಮಳೆಯ ನೀರೂ ಹೋಗದಂತೆ ಡಬ್ಬಿ ಮುಚ್ಚಿಡುವುದು. ಪಟ್ಟೆಯನ್ನು ಕಳಚಿ ಮನೆಯೊಳಗೆ ನೆರಳಲ್ಲಿ ತೂಗುಹಾಕಬೇಕು. ಹದಿನೈದು ದಿನಕ್ಕೊಮ್ಮೆ ಗಾಲಿಯನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿಟ್ಟರೆ ರಿಂಗುಗಳು ಕಚ್ಚಿಕೊಳ್ಳವು. ಮತ್ತೆ ಹೊರಡಿಸುವ ದಿನ ಡಬ್ಬಿಯನ್ನು ತೆಗೆಯಲು ಮರೆಯಬಾರದು.