ಮುದ್ದಿನ ಗಿಳಿ ಕಚ್ಚತೊಡಗಿದರೆ

ಪ್ರಶ್ನೆ: ನಮ್ಮ ಎರಡು ವರ್ಷದ ಸನ್ ಕನ್ಯೂರ್ ಗಿಳಿ ಈಚೆಗೆ ಸೋಫಾದಡಿ ಸೇರಿಕೊಳ್ಳುತ್ತದೆ. ಕೈ ಚಾಚಿದರೆ ರಕ್ತ ಬರುವಂತೆ ಕಚ್ಚುತ್ತದೆ. ಏನು ಮಾಡಲಿ?
– ಓದುಗರು, ಚನ್ನರಾಯಪಟ್ಟಣ

ಉತ್ತರ: ನಿಮ್ಮ ಹಕ್ಕಿಗೆ ನಿಮ್ಮ ಮೇಲೆ ದ್ವೇಷವಿಲ್ಲ. ಅದು ಪ್ರಾಯಕ್ಕೆ ಬಂದಿದೆ. ಸೋಫಾದಡಿಯ ಕತ್ತಲೆಯನ್ನು ಗೂಡೆಂದು ಭಾವಿಸಿ ಕಾಯುತ್ತಿರಬಹುದು. ಮೊದಲು ಆ ಜಾಗ ಮುಚ್ಚಿ. ಪಂಜರದಲ್ಲಿ ಮಡಕೆ, ಡಬ್ಬ, ಬಟ್ಟೆ ಇದ್ದರೆ ತೆಗೆಯಿರಿ. ಸಂಜೆಯಿಂದಲೇ ದೀಪ, ಟಿ.ವಿ. ಇಲ್ಲದ ಕಡೆ 12 ಗಂಟೆ ಮಲಗಲು ಬಿಡಿ. ಬೆನ್ನು, ರೆಕ್ಕೆಯಡಿ ಸವರುವುದು ಅದಕ್ಕೆ ಸಂಗಾತಿಯ ಕರೆ, ತಲೆಯನ್ನಷ್ಟೇ ನೇವರಿಸಿ. ಬಿಸಿಯಾದ ಮೆತ್ತನೆಯ ಆಹಾರ, ಸೂರ್ಯಕಾಂತಿ ಬೀಜ ಕಡಿಮೆ ಮಾಡಿ, ಸೊಪ್ಪು ತರಕಾರಿ ಹೆಚ್ಚಿಸಿ.

ಕಣ್ಣಪಾಪೆ ಹಿಗ್ಗಿ ಕುಗ್ಗುತ್ತಿದ್ದರೆ, ಕತ್ತಿನ ಗರಿ ನಿಮಿರಿದರೆ, ಬಾಲ ಬಿಚ್ಚಿದರೆ ಕೈ ಚಾಚಬೇಡಿ. ಕಚ್ಚಿದರೂ ಹೊಡೆಯಬೇಡಿ, ಕೂಗಬೇಡಿ. ಮೆಲ್ಲಗೆ ಕೆಳಗಿಳಿಸಿ ಸ್ವಲ್ಪ ಹೊತ್ತು ಸುಮ್ಮನಿರಿ. ಕೈಗೆ ಬದಲು ಕೋಲಿನ ಮೇಲೆ ಹತ್ತಿಸಿ, ಹತ್ತಿದ ಕೂಡಲೇ ಇಷ್ಟದ ತಿನಿಸು ಕೊಡಿ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಈ ಆವೇಶ ಇಳಿಯುತ್ತದೆ.

ಗರಿ ಕೆದರಿ ಮಂಕಾಗಿ ಕೂತರೆ, ಮೊಟ್ಟೆಯಿಡಲಾಗದೆ ತಿಣುಕಿದರೆ ತಡಮಾಡದೆ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಿರಿ. ವಿದೇಶಿ ತಳಿಯಾದ್ದರಿಂದ ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸುವುದೂ ಅಗತ್ಯ. ಇದಕ್ಕೆ ಜೋಡಿಯಾಗಲೆಂದು ನಮ್ಮ ತೋಟದ ಗಿಳಿಯನ್ನು ಮಾತ್ರ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.