ಮಳೆಗಾಲದಲ್ಲಿ ನಿಂತ ಕಾರು, ಸೊರಗುವ ಬ್ಯಾಟರಿ

ನಿಂತ ಕಾರಿನ ಬ್ಯಾಟರಿ ಬಗ್ಗೆ ಹುಡುಕಿದರೆ ಸಿಗುವುದೆಲ್ಲ ಹಿಮ ಬೀಳುವ ದೇಶಗಳ ಪಾಠ. ಅಲ್ಲಿನ ಭಯವೇ ಬೇರೆ. ಚಾರ್ಜ್ ಇಳಿದ ಬ್ಯಾಟರಿಯ ಆಸಿಡ್ ನೀರಿನಷ್ಟೇ ತೆಳುವಾಗಿ, ಶೂನ್ಯಕ್ಕಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ, ಡಬ್ಬಿಯನ್ನೇ ಒಡೆಯುತ್ತದೆ. ನಮ್ಮ ಮಟ್ಟುವಿನಲ್ಲಿ ಹಿಮ ಎಲ್ಲಿಂದ ಬರಬೇಕು ಮಾರಾಯ್ರೆ? ಇಲ್ಲಿ ಕಾರು ಮಲಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮೇ ರಜೆಗೆ ಬಂದ ಮುಂಬಯಿಯವರು, ಗಲ್ಫಿನವರು ಕಾರನ್ನು ಶೀಟಿನ ಮಾಡಿನ ಕೆಳಗೆ ನಿಲ್ಲಿಸಿ ಹೋಗುತ್ತಾರೆ. ಮನೆಯಲ್ಲಿ ಉಳಿಯುವುದು ಅಜ್ಜ, ಅಜ್ಜಿ. ಜುಲೈ ರಾತ್ರಿಯಲ್ಲಿ ಅಜ್ಜನಿಗೆ ಎದೆನೋವು ಬಂದು, ಪಕ್ಕದ ಮನೆಯ ಹುಡುಗ ಮಣಿಪಾಲಕ್ಕೆ ಹೊರಡಲು ಕೀ ತಿರುಗಿಸಿದಾಗ 'ಟಿಕ್ ಟಿಕ್' ಅಂದರೆ ಎಂತ ಮಾಡುವುದು?

ಹಾಗಾಗಿ ಈ ಸಂಚಿಕೆಯಲ್ಲಿ ನಾವು ಸ್ವಲ್ಪ ಲೆಕ್ಕ ಮಾಡಿ ನೋಡೋಣ.

ಕಾರು ನಿಂತಿದ್ದರೂ ಪೂರ್ತಿ ನಿದ್ದೆ ಮಾಡುವುದಿಲ್ಲ. ಗಡಿಯಾರ, ಅಲಾರಂ, ರಿಮೋಟ್ ಲಾಕ್, ಇಸಿಯುವಿನ ನೆನಪು, ಎಲ್ಲವೂ ಒಂದೊಂದು ಚೂರು ಕರೆಂಟ್ ಎಳೆಯುತ್ತವೆ. ಒಟ್ಟು 30 ಮಿಲಿಆಂಪಿಯರ್ ಅಂತ ಇಟ್ಟುಕೊಳ್ಳಿ, ಇದೇನೂ ಅತಿ ಅಲ್ಲ. 0.03 × 24 ಅಂದರೆ ದಿನಕ್ಕೆ 0.72 ಆಂಪಿಯರ್ ಅವರ್. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ 48 ದಿನಕ್ಕೆ ಖಾಲಿ. ಮಲ್ಪೆಯ ಬೋಟುಗಳು ದಡದಲ್ಲಿ ಕೂರುವ 61 ದಿನ, ಅಂದರೆ ಜೂನ್ 1ರಿಂದ ಜುಲೈ 31, ಮುಗಿಯುವ ಮೊದಲೇ ಕಥೆ ಮುಗಿಯಿತು. ಇಷ್ಟರಲ್ಲಿ ಬ್ಯಾಟರಿ ತನ್ನಷ್ಟಕ್ಕೇ ಕಳೆದುಕೊಳ್ಳುವ ಚಾರ್ಜ್ ಸೇರಿಸಿಲ್ಲ. ಉಷ್ಣತೆ ಸುಮಾರು 10 ಡಿಗ್ರಿ ಏರಿದರೆ ಆ ಸೋರಿಕೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಈ ವಿಷಯದಲ್ಲಿ ಹಿಮದ ದೇಶದವರೇ ಪುಣ್ಯವಂತರು.

ಖಾಲಿಯಾದರೆ ಮತ್ತೆ ಚಾರ್ಜ್ ಮಾಡಿದರಾಯ್ತು ಅಂತ ನೀವು ಹೇಳಬಹುದು. ತೊಂದರೆ ಇರುವುದೇ ಅಲ್ಲಿ. 1859ರಲ್ಲಿ ಗಾಸ್ಟನ್ ಪ್ಲಾಂಟೆ ಮಾಡಿದ ಲೆಡ್-ಆಸಿಡ್ ಬ್ಯಾಟರಿಯ ರಸಾಯನಶಾಸ್ತ್ರ ಇವತ್ತಿಗೂ ಅದೇ: ಡಿಸ್ಚಾರ್ಜ್ ಆಗುವಾಗ ಎರಡೂ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಹೊಸದಾಗಿ ಕೂತ ಸಣ್ಣ ಹರಳುಗಳು ಚಾರ್ಜ್ ಮಾಡಿದಾಗ ಕರಗಿ ಹೋಗುತ್ತವೆ. ವಾರಗಟ್ಟಲೆ ಹಾಗೇ ಬಿಟ್ಟರೆ ಅವು ದೊಡ್ಡದಾಗಿ ಗಟ್ಟಿಯಾಗುತ್ತವೆ, ಆಮೇಲೆ ಚಾರ್ಜರ್‌ಗೂ ಬಗ್ಗುವುದಿಲ್ಲ. ಅಷ್ಟು ಪ್ಲೇಟು ಕೆಲಸಕ್ಕಿಲ್ಲ ಅಂತಲೇ ಅರ್ಥ.

ಊರಲ್ಲಿ ಎಲ್ಲರೂ ಹೇಳುವ ಮದ್ದು: ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡಿ. ನಮಗೆ ಇದರ ಮೇಲೆ ನಂಬಿಕೆ ಇಲ್ಲ. ವಾರಕ್ಕೆ ಹೋದದ್ದು 5 ಆಂಪಿಯರ್ ಅವರ್. ಐಡಲ್‌ನಲ್ಲಿ ಬ್ಯಾಟರಿಗೆ 10 ಆಂಪಿಯರ್ ಸಿಕ್ಕಿತು ಅಂತ ಉದಾರವಾಗಿ ಹಿಡಿದರೂ ಹತ್ತು ನಿಮಿಷಕ್ಕೆ ವಾಪಸ್ ಬರುವುದು 1.7 ಮಾತ್ರ. ಮೇಲಿಂದ ಸೈಲೆನ್ಸರ್ ಬಿಸಿಯಾಗುವ ಮೊದಲೇ ಆಫ್ ಮಾಡುವುದರಿಂದ ಒಳಗೆ ನೀರು ನಿಂತು ತುಕ್ಕು. ಕಟಪಾಡಿ, ಕಾಪು ಅಂತ ಒಂದು ಗಂಟೆ ಓಡಿಸಿಕೊಂಡು ಬಂದರೆ ಬೇರೆ ಮಾತು.

ಓಡಿಸುವವರೇ ಇಲ್ಲದಿದ್ದರೆ ನೆಗೆಟಿವ್ ವೈರನ್ನು ಬಿಚ್ಚಿಡಿ. 0.72 ಅಲ್ಲಿಗೆ ಸೊನ್ನೆ. ಬಿಚ್ಚುವಾಗ ಯಾವಾಗಲೂ ನೆಗೆಟಿವ್ ಮೊದಲು, ಹಾಕುವಾಗ ಅದು ಕೊನೆಗೆ. ಇದು ಶಾಸ್ತ್ರ ಅಲ್ಲ, ಸರ್ಕ್ಯೂಟ್: ಕಾರಿನ ಬಾಡಿಯೇ ನೆಗೆಟಿವ್. ನೆಗೆಟಿವ್ ಇದ್ದಾಗಲೇ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ನೂರಾರು ಆಂಪಿಯರ್ ಶಾರ್ಟ್. ಬ್ಯಾಟರಿ ಸತ್ತರೆ ಡಿಕ್ಕಿಯ ಎಲೆಕ್ಟ್ರಿಕ್ ಲಾಕ್ ತೆರೆಯದ ಕಾರುಗಳಿವೆ, ಬೇಕಾದದ್ದನ್ನು ಮೊದಲೇ ಹೊರಗೆ ತೆಗೆದಿಡಿ.

ಬ್ಯಾಟರಿ ಬಿಚ್ಚಿಟ್ಟರೂ ತಿಂಗಳಿಗೊಮ್ಮೆ ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. 12.4ಕ್ಕೆ ಬಂದ ಕೂಡಲೇ ಚಾರ್ಜಿಗೆ ಹಾಕಿ, 35ರ ಬ್ಯಾಟರಿಗೆ 3.5 ಆಂಪಿಯರ್ ಸಾಕು. ತುಂಬಿದ ಮೇಲೆ ತಾನೇ ಇಳಿಯುವ ಆಟೋಮ್ಯಾಟಿಕ್ ಚಾರ್ಜರ್ ಇದ್ದರೆ ಒಳ್ಳೇದು, ಹಳೇ ಚಾರ್ಜರನ್ನು ಮರೆತುಬಿಟ್ಟರೆ ಒಳಗಿನ ನೀರು ಕುದಿದು ಹೋಗುತ್ತದೆ. ಗುಡುಗು ಶುರುವಾದರೆ ಪ್ಲಗ್ ಎಳೆದುಬಿಡಿ.

ಎಲ್ಲಿ ಇಡುವುದು? ಸಿಮೆಂಟು ನೆಲ ಚಾರ್ಜ್ ಹೀರುತ್ತದೆ ಎನ್ನುವುದು ಹಳೆಯ ರಬ್ಬರ್, ಮರದ ಡಬ್ಬಿಗಳ ಕಾಲದ ಮಾತು, ಇವತ್ತಿನ ಪ್ಲಾಸ್ಟಿಕ್ ಡಬ್ಬಿಗೆ ಅನ್ವಯಿಸದು. ಆದರೆ ಮಳೆಗಾಲದಲ್ಲಿ ಏನನ್ನಾದರೂ ಒಣಗಿಸಬೇಕಾದರೆ ನಮ್ಮವರಿಗೆ ನೆನಪಾಗುವುದು ಬಚ್ಚಲಿನ ಹಂಡೆಯ ಒಲೆ. ಅದರ ಹತ್ತಿರ ಮಾತ್ರ ಬೇಡವೇ ಬೇಡ. ಚಾರ್ಜ್ ಆಗುವಾಗ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಒಂದು ಕಿಡಿ ಸಾಕು, ಆಸಿಡ್ ಮುಖಕ್ಕೆ ಹಾರುತ್ತದೆ. ಗಾಳಿಯಾಡುವ ಜಗಲಿ ಒಳ್ಳೆಯ ಜಾಗ.

ಕಡಲ ಬದಿಯವರಿಗೆ ಇನ್ನೊಂದು ತಲೆಬಿಸಿ ಉಪ್ಪುಗಾಳಿ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಹಳೇ ಬ್ರಷ್ಷಿನಿಂದ ಉಜ್ಜಿ, ಒರೆಸಿ, ವ್ಯಾಸಲೀನ್ ಹಚ್ಚಿ. ಸೋಡಾ ನೀರು ಮುಚ್ಚಳದೊಳಗೆ ಹೋಗಬಾರದು. ಒಳಗೆ ನೀರು ಕಡಿಮೆ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿ ನೀರಿನ ಕ್ಲೋರೈಡು, ಕಬ್ಬಿಣ ಪ್ಲೇಟುಗಳಿಗೆ ವಿಷ, ಹಿನ್ನೀರಿನ ಉಪ್ಪು ಸೇರಿದ ಬಾವಿಯದ್ದಾದರೆ ಕೇಳುವುದೇ ಬೇಡ.

ಇನ್ನು ಆ ಅಜ್ಜ ಅಜ್ಜಿಯ ಮನೆ. ಅಲ್ಲಿ ವೈರ್ ಬಿಚ್ಚಿಡುವ ಉಪಾಯ ನಡೆಯದು, ಅರ್ಧರಾತ್ರಿಗೆ ಸ್ಪ್ಯಾನರ್ ಹುಡುಕುವವರಾರು? ಆಟೋಮ್ಯಾಟಿಕ್ ಚಾರ್ಜರನ್ನು ಕಾರಿಗೇ ಜೋಡಿಸಿಟ್ಟು, ಹೊರಡುವಾಗ ಯಾವ ಕ್ಲಿಪ್ ತೆಗೆಯಬೇಕು ಅಂತ ಪಕ್ಕದ ಮನೆಯ ಹುಡುಗನಿಗೆ ಹಗಲಲ್ಲೇ ಒಮ್ಮೆ ತೋರಿಸಿಕೊಟ್ಟು ಹೋಗಿ.