ಹಾಡು ಬರೆಯಲು ಹೊರಟ ಕೂಸಿಗೆ

ಕೂಸೇ,

ನೌಕರಿ ಬಿಟ್ಟು ಸಿನಿಮಾ ಹಾಡು ಬರೆಯುವುದಕ್ಕೇ ನಿಲ್ಲುತ್ತೀಯಂತೆ. ನಿಮ್ಮಮ್ಮ ಫೋನಿನಲ್ಲಿ ಅತ್ತಳು. 'ಅಣ್ಣಾ, ನೀನಾದರೂ ಬುದ್ಧಿ ಹೇಳು' ಅಂದಳು. ನಿನ್ನನ್ನು ತಡೆಯುವ ಮನಸ್ಸು ನನಗಿಲ್ಲ. ನೀನು ಬರೆದದ್ದನ್ನು ಓದಿದ್ದೇನೆ, ಮಾತು ನಿನಗೆ ಒಲಿದಿದೆ. ಆದರೆ ನೌಕರಿ ಅಂದರೆ ಜೈಲು ಎಂದು ಬರೆದಿದ್ದೀಯಲ್ಲ, ನನ್ನ ತಕರಾರು ಅದರ ಮೇಲೆ.

ನಮ್ಮ ಜಿಲ್ಲೆಯ ಇಬ್ಬರನ್ನೇ ತಗೋ. ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞರಾಗಿ ದುಡಿದವರು. 1979ರ 'ಶಿಕಾರಿ'ಯಲ್ಲಿ ಕಂಪನಿಯ ಒಳಸಂಚಿಗೆ ಸಿಕ್ಕಿ ನಾಗಪ್ಪ ಒದ್ದಾಡುತ್ತಾನಲ್ಲ, ಆ ಲೋಕ ಅವರಿಗೆ ನೌಕರಿಯಿಂದಲೇ ಒದಗಿದ್ದು. ಗೋಕರ್ಣದ ಜಯಂತ ಕಾಯ್ಕಿಣಿಯವರ ಮೊದಲ ಕವನ ಸಂಕಲನ ಬಂದದ್ದು 1974ರಲ್ಲಿ, ಅವರಿಗಿನ್ನೂ ಇಪ್ಪತ್ತು ತುಂಬುವ ಮೊದಲು. ಆಮೇಲೆ ವರ್ಷಗಟ್ಟಲೆ ಮುಂಬಯಿಯ ಔಷಧ ಕಂಪನಿಯಲ್ಲಿ ಬಯೋಕೆಮಿಸ್ಟ್. ಎಷ್ಟೋ ಕತೆಗಳನ್ನು ಬರೆದದ್ದೂ ಆ ಕಾಲದಲ್ಲೇ. ಅವರು ಹಾಡು ಬರೆದ 'ಮುಂಗಾರು ಮಳೆ' ಸಿನಿಮಾ ಬಂದದ್ದು 2006ರಲ್ಲಿ, ಐವತ್ತು ದಾಟಿದ ಮೇಲೆ. ನಿನಗೆ ಅವರ ಹಾಡೆಲ್ಲ ಬಾಯಿಪಾಠ, ಆ ಹಾಡುಗಳ ಹಿಂದಿನ ಮುಂಬಯಿಯನ್ನೂ ಒಮ್ಮೆ ನೆನೆಸಿಕೋ.

ತೇಜಸ್ವಿ ಅಂದರೆ ನಿನ್ನ ವಾರಿಗೆಯವರಿಗೆ ಪ್ರಾಣ. ಅವರು ಮೂಡಿಗೆರೆಗೆ ಹೋದದ್ದನ್ನು ಎಲ್ಲರೂ ಹೇಳುತ್ತೀರಿ, ಅಲ್ಲಿ ಕಾಫಿ ಬೆಳೆದದ್ದನ್ನು ಯಾರೂ ಹೇಳುವುದಿಲ್ಲ. ಕಾರಂತರು ಸಂಬಳವಿಲ್ಲದೆ ಬದುಕಲಿಲ್ಲವೇ ಅಂತೀಯ. ಬದುಕಿದರು. ಅದಕ್ಕಾಗಿ ಪುತ್ತೂರಿನಲ್ಲಿ ಪ್ರೆಸ್ಸು ನಡೆಸಿದರು, ಪಠ್ಯಪುಸ್ತಕ ಬರೆದರು, ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿದರು. ಕಾದಂಬರಿಕಾರ ಗಳಗನಾಥರಂತೂ ಪುಸ್ತಕದ ಹೊರೆ ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಅಷ್ಟು ತಿರುಗಾಟ ನಿನ್ನಿಂದ ಆದೀತೇ, ಯೋಚಿಸು.

ಜೈಲು ಅಂದೆಯಲ್ಲ, ಸ್ವಾತಂತ್ರ್ಯ ಅಂದರೆ ನನ್ನ ಮಟ್ಟಿಗೆ 'ಒಲ್ಲೆ' ಅನ್ನುವ ತಾಕತ್ತು. ಗಾಂಧಿನಗರದ ಸಿನಿಮಾ ಮಂದಿ ರಾತ್ರಿ ಟ್ಯೂನ್ ಕಳಿಸಿ, ಬೆಳಗಾಗುವುದರೊಳಗೆ ದ್ವಂದ್ವಾರ್ಥದ ಪಲ್ಲವಿ ಬೇಕು ಅನ್ನುತ್ತಾರೆ. ನಾಳೆ ಮನೆ ಬಾಡಿಗೆ ಕೊಡಬೇಕಾಗಿದ್ದರೆ ನೀನು ಬರೆದೇ ಬರೆಯುತ್ತೀಯ. ಖಾತೆಯಲ್ಲಿ ನಾಲ್ಕು ಕಾಸಿದ್ದರೆ ಫೋನು ಪಕ್ಕಕ್ಕಿಟ್ಟು ಮಲಗುತ್ತೀಯ.

ಬ್ಯಾಂಕಿನಲ್ಲಿ ಬಂಗಾರದ ಸಾಲದ ಕೌಂಟರಿನಲ್ಲಿ ಕೂತವನು ನಾನು. ಯಕ್ಷಗಾನ ಮೇಳದ ಕಲಾವಿದರು ಮಳೆಗಾಲದಲ್ಲಿ ಹೆಂಡತಿಯ ಸರ ಅಡವಿಡಲು ಬರುತ್ತಿದ್ದರು, ತಿರುಗಾಟ ಶುರುವಾಗಿ ಕೈಗೆ ಕಾಸು ಬಂದ ಮೇಲೆ ಬಿಡಿಸಿಕೊಳ್ಳುತ್ತಿದ್ದರು. ಪ್ರಸಿದ್ಧ ವೇಷಧಾರಿಗಳೂ ಆ ಸಾಲಿನಲ್ಲಿ ನಿಂತಿರುತ್ತಿದ್ದರು. ಅವರದು ದಡ್ಡತನವಲ್ಲ, ಕಲೆಯ ಗಳಿಕೆ ಬರುವುದೇ ಹಾಗೆ. ಅವರ ಮಳೆಗಾಲ ಪಂಚಾಂಗ ನೋಡಿದರೆ ತಿಳಿಯುತ್ತಿತ್ತು. ನಿನ್ನದು ಯಾವಾಗ ಹಿಡಿಯುತ್ತದೋ ಹೇಳಲಾಗದು. ಹಾಗಾಗಿ ಕನಿಷ್ಠ ಒಂದು ವರ್ಷದ ಖರ್ಚು ಕೂಡಿಟ್ಟ ಮೇಲೆಯೇ ರಾಜೀನಾಮೆ ಬರೆ. ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ, ಸ್ವಂತದ್ದನ್ನು ಮೊದಲೇ ಮಾಡಿಸು. ಇನ್ನು ನಿನ್ನ ಕಾರಿನ ಇಎಂಐ! ನಿನ್ನನ್ನು ಕಟ್ಟಿಹಾಕಿರುವುದು ನೌಕರಿಗಿಂತ ಹೆಚ್ಚಾಗಿ ಅದೇ ಅನ್ನಿಸುತ್ತದೆ. ಮಾರಿಬಿಡು, ಮೆಟ್ರೋದಲ್ಲಿ ಕೂತೂ ಪ್ರಾಸ ಹೊಳೆಯುತ್ತದೆ.

ಕಾಗದಪತ್ರದ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಹಾಡಿನ ಹಕ್ಕು ಬರೆದುಕೊಡುವಾಗ ಎಷ್ಟು ವರ್ಷಕ್ಕೆ ಎಂದು ನಮೂದಿಸದಿದ್ದರೆ ಕಾಪಿರೈಟ್ ಕಾಯ್ದೆಯ ಪ್ರಕಾರ ಅದು ಐದು ವರ್ಷಕ್ಕೆ ಮಾತ್ರ. ಅದಕ್ಕೇ ನಿರ್ಮಾಪಕರು 'ಶಾಶ್ವತವಾಗಿ' ಎಂಬ ಪದ ಸೇರಿಸಿಕೊಂಡು ಬರುತ್ತಾರೆ, ಅಲ್ಲಿ ಕಣ್ಣಿಡು. 2012ರ ತಿದ್ದುಪಡಿಯಾದ ಮೇಲೆ, ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಹಾಡು ಕೇಳಿಸುವುದೊಂದನ್ನು ಬಿಟ್ಟು ಉಳಿದ ಬಳಕೆಯ ರಾಯಲ್ಟಿಯಲ್ಲಿ ಹಾಡು ಬರೆದವರಿಗೂ ಸಮಪಾಲುಂಟು. ಆ ಪಾಲನ್ನು ನಿರ್ಮಾಪಕರಿಗೆ ಬಿಟ್ಟುಕೊಡುತ್ತೇನೆಂದು ನೀನೇ ಬರೆದುಕೊಟ್ಟರೂ ನಡೆಯುವುದಿಲ್ಲ. ಸಂಭಾವನೆಯಲ್ಲಿ ಟಿಡಿಎಸ್ ಹಿಡಿದರೆ ಸರ್ಟಿಫಿಕೇಟು ಕೇಳಿ ಪಡೆ, ರಿಟರ್ನ್ ಸಲ್ಲಿಸಿದರೆ ಹೆಚ್ಚು ಕಟ್ಟಿದ ತೆರಿಗೆ ವಾಪಸು ಬರುತ್ತದೆ. ಕವಿಗಳಿಗೆ ಈ ಲೆಕ್ಕವೆಲ್ಲ ಯಾಕೆ ಅನ್ನುವವರ ಮಾತು ಕೇಳಬೇಡ. ಹಾಗೆ ಹೇಳುವವರು ತಮ್ಮ ಲೆಕ್ಕ ಚೆನ್ನಾಗಿಯೇ ಇಟ್ಟಿರುತ್ತಾರೆ.

ನಿನಗೆ ಬಂದಿರುವ ಒಪ್ಪಂದಕ್ಕೆ ಸದ್ಯ ಸಹಿ ಹಾಕಬೇಡ. ಅದರ ಪ್ರತಿ ನನಗೆ ಕಳಿಸು, ಕುಮಟೆಯಲ್ಲಿ ನನಗೆ ಗೊತ್ತಿರುವ ವಕೀಲರಿಗೆ ತೋರಿಸುತ್ತೇನೆ. ಅವರ ಫೀಸು ನನ್ನದು. ನಿಮ್ಮಮ್ಮನ ಹತ್ತಿರವೂ ನಾನೇ ಮಾತಾಡುತ್ತೇನೆ, ಆದರೆ ಕಾರು ಮಾರಿದ ಮೇಲೆ.